ಅಂಬರನಾಥ ಯಾರ ಲೆಕ್ಕಕ್ಕೆ?

ಮುಂಬೈಯಿಂದ ಕರ್ಜತ್ ಕಡೆಗೆ ಹೋಗುವ ಲೋಕಲ್ ರೈಲು ಕಲ್ಯಾಣ ಬಿಟ್ಟ ಮೇಲೆ ವಿಠ್ಠಲವಾಡಿ, ಉಲ್ಹಾಸನಗರ ದಾಟಿ ಅಂಬರನಾಥಕ್ಕೆ ಬರುತ್ತದೆ. ವಾಲಧುನಿ ನದಿಯ ದಂಡೆಯಲ್ಲಿರುವ ಶಿಲಾಹಾರರ ಶಿವಾಲಯದಿಂದ ಹೆಸರು ಪಡೆದ ಊರು ಇದು. ಆ ಗುಡಿಯ ಶಾಸನದ ಕಾಲ ಶಕ 982, ಅಂದರೆ ಕ್ರಿ.ಶ. 1060. ಇಪ್ಪತ್ತನೆಯ ಶತಮಾನದಲ್ಲಿ ಊರನ್ನು ಬೆಳೆಸಿದ್ದು ಗುಡಿಯಲ್ಲ, ಕಾರ್ಖಾನೆ. 1920ರ ದಶಕದಲ್ಲಿ ವಿಮ್ಕೋ ಬೆಂಕಿಪೊಟ್ಟಣದ ಕಾರ್ಖಾನೆ, 1953ರಲ್ಲಿ ರಕ್ಷಣಾ ಇಲಾಖೆಯ ಆರ್ಡ್ನೆನ್ಸ್ ಫ್ಯಾಕ್ಟರಿ, 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ (ಎಂ.ಐ.ಡಿ.ಸಿ.) ಹುಟ್ಟಿದ ಮೇಲೆ ರಾಸಾಯನಿಕ ಮತ್ತು ಎಂಜಿನಿಯರಿಂಗ್ ಘಟಕಗಳು. ಕೆಲಸ ಹುಡುಕಿಕೊಂಡು ಬಂದವರು ಚಾಳುಗಳಲ್ಲಿ, ಚಾಳು ಸಾಲದಾದಾಗ ಗುಡ್ಡದ ಬುಡದಲ್ಲಿ, ಹಳಿಯ ಪಕ್ಕದಲ್ಲಿ, ನಾಲೆಯ ಅಂಚಿನಲ್ಲಿ ಮನೆ ಕಟ್ಟಿಕೊಂಡರು. 2011ರ ಜನಗಣತಿಯ ಹೊತ್ತಿಗೆ ಊರಿನ ಜನಸಂಖ್ಯೆ ಎರಡೂವರೆ ಲಕ್ಷ ದಾಟಿತ್ತು. ಇಂಥ ಊರಿಗೆ ನೀರು, ಚರಂಡಿ, ಬೀದಿದೀಪ, ಕಸ ಸಾಗಿಸುವ ಗಾಡಿ ಒದಗಿಸಲು ದಿಲ್ಲಿಯ ಖಜಾನೆಯಿಂದ ಹಣ ಬರುತ್ತದೆ. ಅದು ಯಾವ ಲೆಕ್ಕದಲ್ಲಿ ಬಂತು ಎಂದು ನಾಲ್ಕು ದಶಕಗಳ ಹಿಂದಿನಿಂದ ನೋಡುತ್ತ ಬಂದರೆ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತದೆ. ಊರಿನ ಬಡತನಕ್ಕಿಂತ, ಊರಿನ ಅಗತ್ಯಕ್ಕಿಂತ, ಅದನ್ನು ಯಾವ ಊರಿನ ಜೊತೆ ಸೇರಿಸಿ ಎಣಿಸಿದರು ಎಂಬುದೇ ಅದರ ಪಾಲನ್ನು ಹೆಚ್ಚಾಗಿ ನಿರ್ಧರಿಸಿದೆ. ಆ ಎಣಿಕೆ ಬದಲಾದಾಗ ಊರಿನವರ ಅಭಿಪ್ರಾಯಕ್ಕೆ ಅದರಲ್ಲಿ ಜಾಗ ಇರಲಿಲ್ಲ.

ಮೊದಲ ಬದಲಾವಣೆ 1983ರದು. ಆ ವರ್ಷ ಅಕ್ಟೋಬರ್ 1ರಂದು ಕಲ್ಯಾಣ ಮಹಾನಗರ ಪಾಲಿಕೆ ಅಸ್ತಿತ್ವಕ್ಕೆ ಬಂತು. ಕಲ್ಯಾಣ, ಡೊಂಬಿವಲಿ, ಅಂಬರನಾಥ, ಬದಲಾಪುರ ಮತ್ತು ಸುತ್ತಲಿನ ಹಳ್ಳಿಗಳನ್ನು ಒಂದೇ ಆಡಳಿತಕ್ಕೆ ಒಳಪಡಿಸಲಾಯಿತು. ಅದಕ್ಕೆ ನಾಲ್ಕು ವರ್ಷ ಮೊದಲು, 1979-80ರಲ್ಲಿ, ಕೇಂದ್ರ ಸರ್ಕಾರ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಸಮಗ್ರ ಅಭಿವೃದ್ಧಿ ಯೋಜನೆ ತಂದಿತ್ತು. ಮಹಾನಗರಗಳ ಕಡೆಗೆ ಹರಿಯುವ ಜನರನ್ನು ಚಿಕ್ಕ ಊರುಗಳಲ್ಲೇ ನಿಲ್ಲಿಸಬೇಕು, ಅದಕ್ಕಾಗಿ ಒಂದು ಲಕ್ಷದೊಳಗಿನ ಪಟ್ಟಣಗಳಲ್ಲಿ ಮಾರುಕಟ್ಟೆ, ರಸ್ತೆ, ನಿವೇಶನ ಆಗಬೇಕು ಎಂಬುದು ಅದರ ಉದ್ದೇಶ. ಪಾಲಿಕೆಯೊಳಗೆ ಸೇರಿದ ದಿನದಿಂದ ಅಂಬರನಾಥ ಸರ್ಕಾರದ ಪಟ್ಟಿಯಲ್ಲಿ ಪಟ್ಟಣವಾಗಿ ಉಳಿಯಲಿಲ್ಲ, ದೊಡ್ಡ ನಗರವೊಂದರ ಕೆಲವು ವಾರ್ಡುಗಳಾಯಿತು. 1991ರ ಜನಗಣತಿಯಲ್ಲಿ ಕಲ್ಯಾಣ ಪಾಲಿಕೆ ಹತ್ತು ಲಕ್ಷದ ಗಡಿ ದಾಟಿದಾಗ ಆ ಸಂಖ್ಯೆಯಲ್ಲಿ ಅಂಬರನಾಥದ ಜನರೂ ಇದ್ದರು. ಮರುವರ್ಷವೇ, 1992ರಲ್ಲಿ, ಅಂಬರನಾಥ ಮತ್ತು ಕುಳಗಾಂವ್-ಬದಲಾಪುರ ಎರಡನ್ನೂ ಬೇರ್ಪಡಿಸಿ ಪ್ರತ್ಯೇಕ ನಗರ ಪರಿಷತ್ತುಗಳನ್ನಾಗಿ ಮಾಡಲಾಯಿತು. ಕಲ್ಯಾಣದ ಎಣಿಕೆಗೆ ಬಲ ಕೊಟ್ಟ ಜನ ಈಗ ತಮ್ಮದೇ ಖಾಲಿ ತಿಜೋರಿಯೊಂದಿಗೆ ಹೊಸದಾಗಿ ಶುರುಮಾಡಬೇಕಾಯಿತು.

ಅದೇ ಹೊತ್ತಿಗೆ ಸಂವಿಧಾನದ 74ನೆಯ ತಿದ್ದುಪಡಿ ಬಂದು 1993ರ ಜೂನ್ 1ರಿಂದ ಜಾರಿಯಾಯಿತು. ನಗರಾಡಳಿತಕ್ಕೆ ಹದಿನೆಂಟು ಕೆಲಸಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಬರೆದಿಟ್ಟದ್ದು, ಪ್ರತಿ ಐದು ವರ್ಷಕ್ಕೆ ಚುನಾವಣೆ ಕಡ್ಡಾಯ ಮಾಡಿದ್ದು, ನಗರಸಭೆಗಳ ಸಂಪನ್ಮೂಲದ ಬಗ್ಗೆ ಹಣಕಾಸು ಆಯೋಗ ಯೋಚಿಸಬೇಕೆಂದದ್ದು ಎಲ್ಲ ಆಗಲೇ. ಇದರ ಮೊದಲ ಫಲ ಕೆ. ಸಿ. ಪಂತ್ ಅಧ್ಯಕ್ಷತೆಯ ಹತ್ತನೆಯ ಹಣಕಾಸು ಆಯೋಗದ ಶಿಫಾರಸು. 1995ರಿಂದ 2000ದವರೆಗಿನ ಅವಧಿಯಲ್ಲಿ ಇಡೀ ದೇಶದ ನಗರಾಡಳಿತಗಳಿಗೆ 1000 ಕೋಟಿ ರೂಪಾಯಿ. ಮೊತ್ತಕ್ಕಿಂತ ಮುಖ್ಯವಾದದ್ದು ಅದನ್ನು ರಾಜ್ಯಗಳಿಗೆ ಹಂಚಿದ ಸೂತ್ರ. ಕೊಳೆಗೇರಿಗಳ ಜನಸಂಖ್ಯೆಯ ಅನುಪಾತದಲ್ಲಿ ಹಂಚಬೇಕು, ಆ ಜನಸಂಖ್ಯೆಯನ್ನು 1971ರ ಜನಗಣತಿಯ ನಗರವಾಸಿಗಳ ಸಂಖ್ಯೆಯಿಂದ ಅಂದಾಜಿಸಬೇಕು ಎಂದಿತ್ತು. ಜನಗಣತಿ ಇಲಾಖೆ ಕೊಳೆಗೇರಿಗಳನ್ನು ಪ್ರತ್ಯೇಕವಾಗಿ ಎಣಿಸಿದ್ದೇ ಮೊದಲ ಬಾರಿಗೆ 2001ರಲ್ಲಿ. ಅಂದರೆ ಯಾರೂ ಎಣಿಸದ ಮನೆಗಳ ಹೆಸರಿನಲ್ಲಿ, ಕಾಲು ಶತಮಾನ ಹಳೆಯ ಅಂಕಿಯ ಆಧಾರದಲ್ಲಿ ಹಣ ಹಂಚಿಕೆಯಾಯಿತು. ಹಳೆಯ, ನಿಂತ ನೀರಿನಂಥ ನಗರಗಳಿಗೆ ಇದರಿಂದ ದೊಡ್ಡ ನಷ್ಟವಿಲ್ಲ. 1971ರ ನಂತರ ಬೆಳೆದ ಠಾಣೆ ಜಿಲ್ಲೆಯ ಪಟ್ಟಣಗಳಿಗೆ ಇತ್ತು. ಅವುಗಳ ಕೊಳೆಗೇರಿಗಳ ಬಹುಪಾಲು ಜನ ಆ ಅಂಕಿಯಲ್ಲಿ ಹುಟ್ಟಿಯೇ ಇರಲಿಲ್ಲ.

ಕೊಳೆಗೇರಿಗಳ ಹೆಸರಲ್ಲೇ ಬಂದ ಇನ್ನೊಂದು ಹಣ 1996ರ ರಾಷ್ಟ್ರೀಯ ಕೊಳೆಗೇರಿ ಅಭಿವೃದ್ಧಿ ಕಾರ್ಯಕ್ರಮದ್ದು. ಮರುವರ್ಷ ಡಿಸೆಂಬರ್‌ನಲ್ಲಿ ಸ್ವರ್ಣ ಜಯಂತಿ ಶಹರಿ ರೋಜ್‌ಗಾರ್ ಯೋಜನೆ ಬಂತು. ಈ ಎರಡರ ಬಗ್ಗೆ ತುಸು ನಿಂತು ನೋಡಬೇಕು, ಏಕೆಂದರೆ ಹಂಚಿಕೆಯ ಮಾತನ್ನು ಬೀದಿಯವರೆಗೆ ತರಲು ಕೇಂದ್ರ ಮಾಡಿದ ಗಂಭೀರ ಪ್ರಯತ್ನಗಳಲ್ಲಿ ಇವೂ ಸೇರಿವೆ. ಹತ್ತಾರು ಮನೆಗಳ ಹೆಂಗಸರು ಸೇರಿ ನೆರೆಹೊರೆ ಗುಂಪು. ಅಂಥ ಗುಂಪುಗಳ ಪ್ರತಿನಿಧಿಗಳು ಸೇರಿ ನೆರೆಹೊರೆ ಸಮಿತಿ. ಆ ಸಮಿತಿಗಳೆಲ್ಲ ಸೇರಿ ಪಟ್ಟಣದ ಮಟ್ಟದಲ್ಲಿ ಸಮುದಾಯ ಅಭಿವೃದ್ಧಿ ಸಂಘ. ಯಾವ ಗಲ್ಲಿಗೆ ಮೊದಲು ನಳ, ಯಾವ ಗಲ್ಲಿಗೆ ಶೌಚಾಲಯ, ಯಾರಿಗೆ ಹೊಲಿಗೆ ಯಂತ್ರದ ಸಾಲ ಎಂಬುದನ್ನು ಕೆಳಗಿನಿಂದ ಬರೆದು ಮೇಲಕ್ಕೆ ಕಳಿಸಬೇಕೆಂಬ ಆಸೆ ಅದರ ಹಿಂದಿತ್ತು. ರೋಜ್‌ಗಾರ್ ಯೋಜನೆಯ ವೆಚ್ಚದಲ್ಲಿ ಕೇಂದ್ರ ಮುಕ್ಕಾಲು ಪಾಲು, ರಾಜ್ಯ ಕಾಲು ಪಾಲು ಕೊಡುತ್ತಿದ್ದವು. ಆದರೆ ಈ ಸಂಘಗಳಿಗೆ ನಗರಸಭೆಯ ಬಜೆಟ್‌ನ ಮೇಲೆ ಕಾನೂನಿನ ಹಿಡಿತ ಕೊಡಲಿಲ್ಲ. ಫಲಾನುಭವಿಗಳ ಪಟ್ಟಿ ತಯಾರಿಸುವುದು, ಉಳಿತಾಯ ಗುಂಪು ನಡೆಸುವುದು ಅವುಗಳ ಕೆಲಸವಾಯಿತು. ದೊಡ್ಡ ಕಾಮಗಾರಿಯ ಟೆಂಡರು ಬೇರೆ ಮೇಜಿನಲ್ಲೇ ಉಳಿಯಿತು. 2005ರಲ್ಲಿ ಕೊಳೆಗೇರಿ ಕಾರ್ಯಕ್ರಮ ನಿಂತಿತು.

ಅದರ ಜಾಗಕ್ಕೆ ಬಂದದ್ದು 2005ರ ಡಿಸೆಂಬರ್ 3ರಂದು ಆರಂಭವಾದ ಜವಾಹರಲಾಲ್ ನೆಹರೂ ರಾಷ್ಟ್ರೀಯ ನಗರ ನವೀಕರಣ ಮಿಷನ್, ಜನರ ಬಾಯಲ್ಲಿ ಜೆನರ್ಮ್. ನನ್ನ ವಾದಕ್ಕೆ ಅತ್ಯಂತ ಗಟ್ಟಿಯಾದ ಸಾಕ್ಷ್ಯ ಸಿಗುವುದು ಇಲ್ಲಿಯೇ. ಈ ಮಿಷನ್ ನಗರಗಳನ್ನು ಜನಗಣತಿಯ ನಗರ ಸಮೂಹಗಳ ಪ್ರಕಾರ ವಿಂಗಡಿಸಿತು. ಬೃಹನ್ಮುಂಬೈ ಸಮೂಹ ಎಂದರೆ ಮುಂಬೈ ಒಂದೇ ಅಲ್ಲ; ಮೀರಾ-ಭಾಯಂದರ್, ಠಾಣೆ, ನವಿ ಮುಂಬೈ, ಕಲ್ಯಾಣ-ಡೊಂಬಿವಲಿ, ಉಲ್ಹಾಸನಗರ, ಅಂಬರನಾಥ, ಬದಲಾಪುರ ಎಲ್ಲ ಅದರೊಳಗೆ. ನಾಲ್ವತ್ತು ಲಕ್ಷ ಮೀರಿದ ಸಮೂಹಗಳ ಮೂಲಸೌಕರ್ಯ ಯೋಜನೆಗಳಿಗೆ ಕೇಂದ್ರ ಶೇ. 35, ರಾಜ್ಯ ಶೇ. 15 ಕೊಡುತ್ತದೆ, ಉಳಿದ ಅರ್ಧವನ್ನು ಸ್ಥಳೀಯ ಸಂಸ್ಥೆಯೇ ಹೊಂದಿಸಿಕೊಳ್ಳಬೇಕು ಎಂಬುದು ಆಗಿನ ನಿಯಮ. ಮಿಷನ್ ಪಟ್ಟಿಯ ಹೊರಗಿದ್ದ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಯೋಜನೆಯಲ್ಲಾದರೋ ಕೇಂದ್ರದ ಪಾಲು ಶೇ. 80, ಊರಿನ ಪಾಲು ಶೇ. 10. ನೂರು ರೂಪಾಯಿಯ ಒಳಚರಂಡಿಗೆ ಒಂದು ಊರು ಹತ್ತು ರೂಪಾಯಿ ಹಾಕಿದರೆ ಸಾಕಿತ್ತು, ಅಷ್ಟೇ ಗಾತ್ರದ ಇನ್ನೊಂದು ಊರು ಐವತ್ತು ಹಾಕಬೇಕಿತ್ತು. ವ್ಯತ್ಯಾಸಕ್ಕೆ ಕಾರಣ ಅವುಗಳ ವರಮಾನವಲ್ಲ, ಜನಗಣತಿಯವರು ನಕಾಶೆಯ ಮೇಲೆ ಎಳೆದ ಒಂದು ಗೆರೆ. ಸಾವಿರಾರು ಕೋಟಿಯ ಬಜೆಟ್ ಇರುವ ಬೃಹನ್ಮುಂಬೈ ಪಾಲಿಕೆಗೂ ಅಂಬರನಾಥದ ನಗರ ಪರಿಷತ್ತಿಗೂ ಒಂದೇ ಅನುಪಾತ ಸಲ್ಲುತ್ತದೆ ಎಂದು ಭಾವಿಸಿದ ನಿಯಮ ಇದು.

ಹತ್ತು ವರ್ಷ ಕಳೆದ ಮೇಲೆ ಲೆಕ್ಕ ಮತ್ತೆ ಬದಲಾಯಿತು. 2015ರ ಜೂನ್ 25ರಂದು ಬಂದ ಅಮೃತ್ ಯೋಜನೆ ದೇಶದ 500 ನಗರಗಳನ್ನು ಒಂದೊಂದಾಗಿ ಹೆಸರಿಸಿತು. ಲಕ್ಷಕ್ಕಿಂತ ಹೆಚ್ಚು ಜನರಿರುವ ಪಟ್ಟಣಗಳು ಅದರಲ್ಲಿ ಬಂದವು. ಇಲ್ಲಿ ಅಂಬರನಾಥ ಅಂಬರನಾಥವೇ. ಹತ್ತು ಲಕ್ಷದೊಳಗಿನ ಊರಾದ್ದರಿಂದ ಯೋಜನೆಯ ಅರ್ಧ ವೆಚ್ಚ ಕೇಂದ್ರದ್ದಾಗಿತ್ತು. ಅದಕ್ಕಿಂತ ದೊಡ್ಡ ನಗರಗಳಿಗೆ ಮೂರನೇ ಒಂದು ಪಾಲು ಮಾತ್ರ. ಹಣ ಬರುತ್ತಿದ್ದದ್ದು ಮೂರು ಕಂತಿನಲ್ಲಿ, ಶೇ. 20, 40, 40. ಐದೇ ವರ್ಷದಲ್ಲಿ ಇನ್ನೊಂದು ತಿರುವು. ಹದಿನೈದನೆಯ ಹಣಕಾಸು ಆಯೋಗ ಹತ್ತು ಲಕ್ಷ ಮೀರಿದ ನಗರ ಸಮೂಹಗಳನ್ನು ಬೇರೆ ಮಾಡಿ, ಅವುಗಳಿಗೆ 2021ರಿಂದ 2026ರವರೆಗೆ 38,196 ಕೋಟಿ ರೂಪಾಯಿಯ ಪ್ರತ್ಯೇಕ ನಿಧಿ ಇಟ್ಟಿತು. ಇದರ ಮೂರನೇ ಒಂದು ಭಾಗ ಗಾಳಿಯ ಗುಣಮಟ್ಟಕ್ಕೆ, ಉಳಿದದ್ದು ಕುಡಿಯುವ ನೀರು, ಮಳೆನೀರು ಸಂಗ್ರಹ, ನೈರ್ಮಲ್ಯ ಮತ್ತು ಕಸ ನಿರ್ವಹಣೆಗೆ. ಎರಡೂ ಸಾಧನೆಗೆ ತಕ್ಕಂತೆ. ಸಮೂಹಕ್ಕೊಂದು ನೋಡಲ್ ಸಂಸ್ಥೆ, ಗುರಿ ಇಡೀ ಸಮೂಹದ್ದು. ಅಂಬರನಾಥ ಮತ್ತೆ ಮುಂಬೈಯ ಜೊತೆ ಸೇರಿತು. ಕರ್ನಾಟಕದವರಿಗೆ ಈ ಗೆರೆಯ ಪರಿಣಾಮ ಇನ್ನೊಂದು ಬದಿಯಿಂದ ಗೊತ್ತಿರಬೇಕು. 2011ರಲ್ಲಿ ಮೈಸೂರು ಸಮೂಹದ ಜನಸಂಖ್ಯೆ ಸುಮಾರು 9 ಲಕ್ಷ 90 ಸಾವಿರ. ಹತ್ತು ಲಕ್ಷಕ್ಕೆ ಸ್ವಲ್ಪವೇ ಕಡಿಮೆ. ಹಾಗಾಗಿ ಇಡೀ ರಾಜ್ಯದಲ್ಲಿ ಬೆಂಗಳೂರೊಂದೇ ಈ ಪಟ್ಟಿಗೆ ಬಂತು. ಎರಡೂವರೆ ಲಕ್ಷದ ಅಂಬರನಾಥ ದೊಡ್ಡ ನಗರ, ಅದರ ಸುಮಾರು ನಾಲ್ಕು ಪಟ್ಟು ದೊಡ್ಡದಾದ ಮೈಸೂರು ಸಣ್ಣದು!

ಇದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದು. ಸೂತ್ರ ಎಷ್ಟೇ ಒರಟಾಗಿರಲಿ, ಮಂತ್ರಿಗಳ ಮರ್ಜಿಗಿಂತ ಮೇಲಲ್ಲವೇ? ಖಂಡಿತ ಮೇಲು. ಸೂತ್ರವೇ ಬೇಡ ಎಂದು ನಾನು ಹೇಳುತ್ತಿಲ್ಲ. ಶಾಸಕರ ಶಿಫಾರಸಿನ ಮೇಲೆ ಹಂಚಿಕೆಯಾಗುವ ಹಣ ಯಾವ ಕಡೆ ಹರಿಯುತ್ತದೆಂದು ಎಲ್ಲರೂ ಬಲ್ಲರು. ನನ್ನ ತಕರಾರು ಸೂತ್ರದೊಳಗಿನ ಘಟಕದ ಬಗ್ಗೆ. ಅಮೆರಿಕದ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1974ರಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ವಸತಿ ಮತ್ತು ಸಮುದಾಯ ಅಭಿವೃದ್ಧಿ ಕಾಯಿದೆ ಅಲ್ಲಿನ ನಗರಗಳಿಗೆ ಒಟ್ಟು ಅನುದಾನ ಕೊಡುವ ಪದ್ಧತಿ ತಂದಿತು. ಜನಸಂಖ್ಯೆ, ಮನೆಗಳ ಇಕ್ಕಟ್ಟು, ಬಡತನ ಸೂತ್ರದಲ್ಲಿ ಬಂದವು; ಬಡತನಕ್ಕೆ ಇಮ್ಮಡಿ ತೂಕ. ಹಳೆಯ ಕೈಗಾರಿಕಾ ನಗರಗಳಿಗೆ ಇದರಲ್ಲಿ ಅನ್ಯಾಯವಾಗುತ್ತಿದೆ ಎಂದು ಕಂಡಾಗ 1977ರಲ್ಲಿ ಮನೆಗಳ ವಯಸ್ಸು ಮತ್ತು ಜನಸಂಖ್ಯೆಯ ಬೆಳವಣಿಗೆಯಲ್ಲಿನ ಹಿಂದುಳಿಕೆಯನ್ನು ಲೆಕ್ಕ ಹಿಡಿಯುವ ಎರಡನೆಯ ಸೂತ್ರ ಸೇರಿಸಿದರು. ಎರಡರಲ್ಲಿ ಯಾವುದರಿಂದ ಹೆಚ್ಚು ಬರುತ್ತದೋ ಅದು ನಗರಕ್ಕೆ ಸಲ್ಲುತ್ತದೆ. ಐವತ್ತು ಸಾವಿರ ಜನರ ಊರಿಗೂ ಅಲ್ಲಿ ತನ್ನದೇ ಹೆಸರಿನ ಪಾಲಿದೆ, ಮಹಾನಗರದ ಪಕ್ಕದಲ್ಲಿದ್ದ ಮಾತ್ರಕ್ಕೆ ಅದು ಕಳೆದುಹೋಗುವುದಿಲ್ಲ. ಆ ದೇಶದ ಪದ್ಧತಿಯಲ್ಲೂ ಕೊರತೆಗಳಿವೆ. ಆದರೂ ಊರನ್ನು ಊರಾಗಿ ಎಣಿಸಿ, ಅದರ ಬಡತನವನ್ನು ಅಳೆದು, ತಪ್ಪಾದಾಗ ಸೂತ್ರವನ್ನು ತಿದ್ದಬಹುದು ಎಂಬುದಕ್ಕೆ ಅದು ಸಾಕ್ಷಿ. ನಮ್ಮಲ್ಲಿ ಹದಿನಾಲ್ಕನೆಯ ಆಯೋಗ ರಾಜ್ಯಗಳ ನಡುವಿನ ಹಂಚಿಕೆಗೆ ಜನಸಂಖ್ಯೆಗೆ ಶೇ. 90, ವಿಸ್ತೀರ್ಣಕ್ಕೆ ಶೇ. 10 ತೂಕ ಕೊಟ್ಟು ಮುಗಿಸಿತು. ಹನ್ನೆರಡನೆಯ ಆಯೋಗ ಅಭಾವದ ಸೂಚ್ಯಂಕಕ್ಕೆ ಕೊಟ್ಟಿದ್ದ ಶೇ. 10 ಕೂಡ ಅಲ್ಲಿ ಉಳಿಯಲಿಲ್ಲ.

ಎರಡನೆಯ ಆಕ್ಷೇಪ ಹೀಗಿರುತ್ತದೆ: ಮುಂಬೈಯ ನೆರಳಿನಲ್ಲಿ ಬೆಳೆದ ಊರಿಗೆ ಮುಂಬೈಯ ಲಾಭವೂ ಇದೆ, ಸ್ವಂತ ವರಮಾನವೂ ಇದೆ, ಕೈಗಾರಿಕೆ ಬೇರೆ ಇದೆ; ಅರ್ಧ ಖರ್ಚು ತಾನೇ ಹಾಕಿದರೆ ತಪ್ಪೇನು? ಲಾಭ ಇರುವುದು ನಿಜ. ದೊಡ್ಡ ಸಮೂಹದೊಳಗಿದ್ದ ಊರಿನ ಯೋಜನೆ ದಿಲ್ಲಿಯ ಗಮನಕ್ಕೆ ಬೇಗ ಬೀಳುತ್ತಿತ್ತು, ಸಣ್ಣ ಪಟ್ಟಣಗಳು ಚಿಕ್ಕ ಗಂಟಿಗಾಗಿ ನೂರಾರು ಊರುಗಳ ಜೊತೆ ಪೈಪೋಟಿ ನಡೆಸಬೇಕಿತ್ತು. ಆದರೆ ವರಮಾನದ ಮಾತು ಬಂದಾಗ ಇತಿಹಾಸವನ್ನು ಮರೆಯಬಾರದು. ಕೇಂದ್ರ ಸರ್ಕಾರದ ಆಸ್ತಿಗೆ ಸ್ಥಳೀಯ ತೆರಿಗೆ ಇಲ್ಲ ಎನ್ನುತ್ತದೆ ಸಂವಿಧಾನದ 285ನೆಯ ವಿಧಿ. ಆರ್ಡ್ನೆನ್ಸ್ ಫ್ಯಾಕ್ಟರಿ ಸರ್ಕಾರಿ ಇಲಾಖೆಯಾಗಿದ್ದ ದಶಕಗಳಲ್ಲಿ ಅದರ ವಿಶಾಲ ಜಮೀನು ಈ ವಿಧಿಯ ರಕ್ಷಣೆಯಲ್ಲಿತ್ತು. ಇಂಥ ಆಸ್ತಿಯಿಂದ ಊರು ಕೇಳಬಹುದಾದದ್ದು ಸೇವಾ ಶುಲ್ಕ ಮಾತ್ರ. ಎಂ.ಐ.ಡಿ.ಸಿ. ಪ್ರದೇಶಕ್ಕೆ ಯೋಜನಾ ಪ್ರಾಧಿಕಾರ ಎಂ.ಐ.ಡಿ.ಸಿ.ಯೇ. ಊರಿಗೆ ಬರುವ ಸರಕಿನ ಮೇಲೆ ವಸೂಲಾಗುತ್ತಿದ್ದ ಜಕಾತಿಯನ್ನು ನಗರ ಪರಿಷತ್ತುಗಳಲ್ಲಿ ಮಹಾರಾಷ್ಟ್ರ ಸರ್ಕಾರ 1999ರಲ್ಲಿ ರದ್ದು ಮಾಡಿ ಬದಲಿಗೆ ಸಹಾಯಕ ಅನುದಾನ ಕೊಡತೊಡಗಿತು. ಕಾರ್ಖಾನೆಯ ಊರಿಗೆ ಅದಕ್ಕಿಂತ ಸಹಜವಾದ ವರಮಾನ ಇನ್ನೊಂದಿರಲಿಲ್ಲ. ಊರಿನ ಕೈಯಲ್ಲಿದ್ದ ತೆರಿಗೆಗಳನ್ನು ಮೇಲಿನವರು ಒಂದೊಂದಾಗಿ ತೆಗೆದುಕೊಂಡ ಮೇಲೆ ಬಂದ ಅನುದಾನವನ್ನು ಉಪಕಾರ ಎಂದು ಕರೆಯಲಾಗದು. ಅದು ಬಾಕಿ ತೀರಿಸಿದಂತೆ.

ನೀರಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಹನ್ನೆರಡನೆಯ ಅನುಸೂಚಿಯ ಪ್ರಕಾರ ನೀರು ಪೂರೈಕೆ ನಗರಾಡಳಿತದ ಕೆಲಸ. ಆದರೆ ಅಂಬರನಾಥ ಮತ್ತು ಬದಲಾಪುರದಲ್ಲಿ ಮನೆಮನೆಗೆ ನೀರು ಕೊಡುತ್ತಿರುವುದು, ಬಿಲ್ಲು ಕಳಿಸುವುದು ರಾಜ್ಯದ ಸಂಸ್ಥೆಯಾದ ಮಹಾರಾಷ್ಟ್ರ ಜೀವನ ಪ್ರಾಧಿಕರಣ. ಈ ಭಾಗಕ್ಕೆ ನೀರು ಕೊಡುವ ಬಾರವಿ ಅಣೆಕಟ್ಟು ಎಂ.ಐ.ಡಿ.ಸಿ.ಯದು. ಅಮೃತ್‌ನ ಮುಖ್ಯ ಒತ್ತು ನೀರಿನ ಮೇಲಿತ್ತು. ಹದಿನೈದನೆಯ ಆಯೋಗದ ಮೂರನೇ ಎರಡು ಭಾಗವೂ ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿದ ಹಣ. ನಗರ ಪರಿಷತ್ತಿನ ಹೆಸರಿಗೆ ಬಂದ ಹಣ ನಗರ ಪರಿಷತ್ತು ನಡೆಸದ ಪೈಪಿನೊಳಗೆ ಹೋಗಬೇಕಿತ್ತು. ಬೇಸಿಗೆಯಲ್ಲಿ ನೀರು ಬಾರದಿದ್ದರೆ ಗಲ್ಲಿಯ ಹೆಂಗಸರು ಕೊಡ ಹಿಡಿದು ಹೋಗುವುದು ನಗರಸೇವಕನ ಮನೆಗೆ. ಅವನ ಕೈಯಲ್ಲಿ ವಾಲ್ವೂ ಇಲ್ಲ, ಹಣದ ಕೀಲಿಯೂ ಇಲ್ಲ. ಗಾಳಿಯ ಹಣದ ಗತಿಯೂ ಇದೇ. ಅಂಬರನಾಥದ ಗಾಳಿ ಕೆಡುವುದು ಅಲ್ಲಿನ ರಾಸಾಯನಿಕ ಘಟಕಗಳಿಂದ, ಹೊಂಡ ಬಿದ್ದ ರಸ್ತೆಯ ಧೂಳಿನಿಂದ. ಆದರೆ ಸಾಧನೆಯನ್ನು ಅಳೆದದ್ದು ಕೊಲಾಬಾದಿಂದ ಬದಲಾಪುರದವರೆಗಿನ ಸಮೂಹಕ್ಕೆ.

ಸಣ್ಣ ನಗರ ಪರಿಷತ್ತಿಗೆ ಷರತ್ತಿಲ್ಲದೆ ಹಣ ಕೊಟ್ಟರೆ ಕಮಾನು, ಪುತ್ಥಳಿ, ಬಣ್ಣದ ದೀಪಗಳಿಗೆ ಹೋಗುತ್ತದೆ, ಯೋಜನಾ ವರದಿ ಬರೆಯುವಷ್ಟು ಎಂಜಿನಿಯರುಗಳೂ ಅಲ್ಲಿಲ್ಲ ಎಂಬ ಮಾತು ಅಧಿಕಾರಿಗಳಿಂದ ಕೇಳಿಬರುತ್ತದೆ. ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಪರಿಹಾರ ಎಂದು ಆರಿಸಿಕೊಂಡ ದಾರಿ ಜನರನ್ನು ಇನ್ನಷ್ಟು ದೂರವಿಟ್ಟಿತು. ವರದಿಗಳು ಸಲಹಾ ಸಂಸ್ಥೆಗಳ ಕಚೇರಿಯಲ್ಲಿ ತಯಾರಾದವು, ತಾಂತ್ರಿಕ ಮಂಜೂರಾತಿ ರಾಜ್ಯದ ಸಂಸ್ಥೆಯಿಂದ, ನಿರ್ಣಯವನ್ನು ತಡೆಹಿಡಿಯುವ ಅಧಿಕಾರ ಮಹಾರಾಷ್ಟ್ರದ ನಗರ ಪರಿಷತ್ತುಗಳ 1965ರ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗೆ. 2016ರಲ್ಲಿ ಠಾಣೆ ಮತ್ತು ಕಲ್ಯಾಣ-ಡೊಂಬಿವಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಬಂದಾಗ ಹಣ ಪಾಲಿಕೆಯ ಸಭೆಯ ಬದಲು ಕಂಪನಿ ಕಾಯಿದೆಯಡಿ ಸ್ಥಾಪಿಸಿದ ವಿಶೇಷ ಸಂಸ್ಥೆಯ ಮೂಲಕ ಹರಿಯಿತು. ನವಿ ಮುಂಬೈಯ ಸಾಮಾನ್ಯ ಸಭೆ 2015ರ ಕೊನೆಯಲ್ಲಿ ಇದನ್ನು ವಿರೋಧಿಸಿ ಆ ಯೋಜನೆಯಿಂದಲೇ ಹೊರಗುಳಿಯಿತು. ಸ್ವಂತ ವರಮಾನ ಚೆನ್ನಾಗಿರುವ ನಗರಕ್ಕೆ ಅಂಥ ಧೈರ್ಯ ಸಾಧ್ಯ. ಅಮೆರಿಕದ ಕಾಯಿದೆ ನಗರಕ್ಕೆ ಹಣ ಬಿಟ್ಟುಕೊಟ್ಟು, ಶೇ. 70ರಷ್ಟಾದರೂ ಕಡಿಮೆ ಮತ್ತು ಮಧ್ಯಮ ವರಮಾನದವರ ಪ್ರಯೋಜನಕ್ಕೇ ಹೋಗಬೇಕು, ಸಾರ್ವಜನಿಕ ಅಹವಾಲು ಸಭೆ ನಡೆಯಲೇಬೇಕು ಎಂದು ಷರತ್ತು ಹಾಕುತ್ತದೆ. ದುಂದುವೆಚ್ಚ ತಡೆಯಲು ಇದು ಹೆಚ್ಚು ಮರ್ಯಾದೆಯ ಮಾರ್ಗ. ಜೆನರ್ಮ್ ಕೂಡ ಸಮುದಾಯ ಸಹಭಾಗಿತ್ವದ ಕಾನೂನು ಮಾಡಿರೆಂದು ರಾಜ್ಯಗಳಿಗೆ ಷರತ್ತು ಹಾಕಿತ್ತು. ಅದರಂತೆ ಮಹಾರಾಷ್ಟ್ರ 2009ರಲ್ಲಿ, ಕರ್ನಾಟಕ 2011ರಲ್ಲಿ ಬಡಾವಣೆಯ ಮತದಾರರು ಸೇರುವ ಕ್ಷೇತ್ರ ಸಭೆಗಳನ್ನು ಕಾಯಿದೆಗೆ ಸೇರಿಸಿದವು. ಬೀದಿಯ ಮಟ್ಟದಲ್ಲಿ ಅವು ಎಷ್ಟು ನಡೆದಿವೆ ಎಂಬುದನ್ನು ಎರಡೂ ರಾಜ್ಯಗಳ ನಗರವಾಸಿಗಳು ತಮ್ಮ ಅನುಭವದಿಂದಲೇ ಹೇಳಬಲ್ಲರು.

ಹದಿನೈದನೆಯ ಆಯೋಗದ ಕಾಲದಲ್ಲಿ ಅಂಬರನಾಥಕ್ಕೆ ಆದದ್ದು ಇದೆಲ್ಲದಕ್ಕಿಂತ ನೋವಿನದು. 2015ರ ಏಪ್ರಿಲ್‌ನಲ್ಲಿ ಚುನಾಯಿತವಾದ ಸದಸ್ಯರ ಅವಧಿ 2020ರ ಮೇ ತಿಂಗಳಲ್ಲಿ ಮುಗಿಯಿತು. ಕೋವಿಡ್‌ನಿಂದ ಚುನಾವಣೆ ಮುಂದೆ ಹೋಯಿತು, ಆಮೇಲೆ ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು. 2025ರ ಮೇ ತಿಂಗಳಲ್ಲಿ ನ್ಯಾಯಾಲಯ ಆದೇಶ ಕೊಟ್ಟ ಮೇಲೆ, ಆ ವರ್ಷದ ಡಿಸೆಂಬರ್‌ನಲ್ಲಿ ಮತದಾನವಾಯಿತು. ಐದೂವರೆ ವರ್ಷ ಊರನ್ನು ನಡೆಸಿದ್ದು ಆಡಳಿತಾಧಿಕಾರಿ. ಆಯೋಗದ ಅನುದಾನದ ಅವಧಿ 2026ರ ಮಾರ್ಚ್ 31ಕ್ಕೆ ಮುಗಿಯುವಂಥದ್ದು. ಅಂದರೆ ಆ ಹಣವನ್ನು ಯಾವ ವಾರ್ಡಿಗೆ, ಯಾವ ಕೆಲಸಕ್ಕೆ ಎಂದು ಗೊತ್ತುಮಾಡಿದ ಬಜೆಟ್‌ಗಳಲ್ಲಿ ಒಂದರ ಮೇಲೂ ಚುನಾಯಿತ ಸದಸ್ಯನೊಬ್ಬ ಕೈಯೆತ್ತಿ ಮತ ಹಾಕಲಿಲ್ಲ. 2020ರ ಸೆಪ್ಟೆಂಬರ್‌ನಿಂದ ಚುನಾಯಿತ ಸಭೆ ಇಲ್ಲದೆ ನಡೆದ ಬೆಂಗಳೂರಿನವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಆಡಳಿತಾಧಿಕಾರಿ ಪ್ರಾಮಾಣಿಕನಾಗಿರಬಹುದು, ದಕ್ಷನೂ ಆಗಿರಬಹುದು. ಆದರೆ ಪೂರ್ವದ ಗುಡ್ಡದ ಬುಡದ ಓಣಿಗೂ ಪಶ್ಚಿಮದ ಸೊಸೈಟಿಗೂ ನಡುವೆ ಮೊದಲು ಯಾರಿಗೆ ಎಂಬ ಪ್ರಶ್ನೆ ಬಂದಾಗ ಅವನ ಎದುರು ನಿಂತು ಜಗಳವಾಡುವ ಹಕ್ಕು ಯಾರಿಗೂ ಇರಲಿಲ್ಲ.

ಈಗ ಚುನಾಯಿತ ಸಭೆ ಬಂದಿದೆ, 2026ರ ಏಪ್ರಿಲ್‌ನಿಂದ ಹದಿನಾರನೆಯ ಆಯೋಗದ ಅವಧಿ. 2021ರಲ್ಲಿ ಆಗಬೇಕಿದ್ದ ಜನಗಣತಿ 2027ಕ್ಕೆ ಹೋಗಿದೆ. ಅಲ್ಲಿಯವರೆಗೆ ಅಂಬರನಾಥದ ಗಣತಿಯ ಜನಸಂಖ್ಯೆ 2011ರದೇ, 2,53,475. ಆಮೇಲೆ ಗುಡ್ಡ ಕಡಿದು ಎದ್ದ ಕಟ್ಟಡಗಳ ಜನ, ಅವುಗಳ ಪಕ್ಕದಲ್ಲೇ ಬೆಳೆದ ಓಣಿಗಳ ಜನ ಅದರಲ್ಲಿಲ್ಲ. ಗಣತಿಯವರು ಬಂದಾಗ ಊರಿನ ಕೊಳೆಗೇರಿಗಳ ಗಡಿ ಗುರುತಿಸಿಕೊಡುವ, ಬಿಟ್ಟುಹೋದ ಓಣಿಗಳನ್ನು ಪಟ್ಟಿಗೆ ಸೇರಿಸುವಂತೆ ಒತ್ತಾಯಿಸುವ ಕೆಲಸಕ್ಕೆ ನಗರ ಪರಿಷತ್ತು ಈಗಲೇ ಇಳಿಯಬೇಕು. ಜೊತೆಗೆ, ಮುಂಬೈ ಸಮೂಹದೊಳಗಿನ ಹಣದಲ್ಲಿ ಪ್ರತಿ ಊರಿನ ಪಾಲನ್ನು ಅದರದೇ ಕೊಳೆಗೇರಿ ಮತ್ತು ವರಮಾನ ನೋಡಿ ನಿಗದಿಮಾಡಬೇಕೆಂದು ಬದಲಾಪುರ, ಉಲ್ಹಾಸನಗರಗಳ ಜೊತೆ ಸೇರಿ ರಾಜ್ಯ ಸರ್ಕಾರದ ಮುಂದೆ ಬೇಡಿಕೆ ಇಡಬೇಕು. ಸಮೂಹದೊಳಗಿನ ಹಂಚಿಕೆ ಸರಿಪಡಿಸಲು ಸಂವಿಧಾನ ತಿದ್ದಬೇಕಾಗಿಲ್ಲ. ಸರ್ಕಾರದ ಒಂದು ನಿರ್ಣಯ ಸಾಕು.